ಓದುಗರ ಪ್ರಶ್ನೆ: ಆಪಿ, ಪರ್ಸಿ, ಜಿನ್ನಿ ಮತ್ತು ನಮ್ಮ ಪ್ರಜ್ಞಾನ

ಬಾಹ್ಯಾಕಾಶಕ್ಕೆ ಹೋದ ರೋಬಾಟ್‌ಗಳ ಹೆಸರು, ಮುದ್ದು ಹೆಸರುಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ಒಂದು ಪತ್ರಿಕೆ ‘ಪ್ರಗ್ಯಾನ್’ ಎನ್ನುತ್ತದೆ, ಇನ್ನೊಂದು ‘ಪ್ರಜ್ಞಾನ್’. ಯಾವುದು ಸರಿ? ಅದನ್ನು ‘ಅವನು’ ಎನ್ನಬೇಕೋ ‘ಅದು’ ಎನ್ನಬೇಕೋ? (ಶಿರಸಿ)

ಚಂದ್ರಯಾನ–3ರ ರೋವರ್‌ನ, ಅಂದರೆ ಚಂದ್ರನ ಮೇಲೆ ಓಡಾಡಿದ ಗಾಲಿಯಂತ್ರದ ಹೆಸರನ್ನು ‘ಪ್ರಜ್ಞಾನ’ ಎಂದೇ ಬರೆಯಿರಿ. ಪದ ಸಂಸ್ಕೃತದ್ದು. ‘ಜ್ಞ’ ಅಕ್ಷರವನ್ನು ಹಿಂದಿಯವರು ‘ಗ್ಯ’ ಎಂದು ಉಚ್ಚರಿಸುತ್ತಾರೆ, ಇಂಗ್ಲಿಷ್ ಕಾಗುಣಿತ ಅದನ್ನೇ ಅನುಸರಿಸಿತು. ಆ ಇಂಗ್ಲಿಷನ್ನು ನೋಡಿ ಮತ್ತೆ ಕನ್ನಡಕ್ಕಿಳಿಸಿದಾಗ ‘ಪ್ರಗ್ಯಾನ್’ ಆಯಿತು. ವಿಜ್ಞಾನವನ್ನು ನಾವು ‘ವಿಗ್ಯಾನ್’ ಎಂದು ಬರೆಯುವುದಿಲ್ಲವಲ್ಲ, ಇಲ್ಲೂ ಅದೇ ನ್ಯಾಯ.

ಎರಡನೆಯ ಪ್ರಶ್ನೆ ಹೆಚ್ಚು ಸ್ವಾರಸ್ಯದ್ದು. ಇಂಗ್ಲಿಷ್‌ನಲ್ಲಿ ಹಡಗಿನ ಹಾಗೆ ರೋವರನ್ನೂ ‘ಅವಳು’ ಎನ್ನುವ ರೂಢಿ ಇದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹಚ್ಚಿದ ಕೂಡಲೇ ಲಿಂಗ ಬಯಲಾಗುತ್ತದೆ: ‘ವಿಕ್ರಮದಿಂದ ಇಳಿಯಿತು’ ಎಂದರೆ ಯಂತ್ರ, ‘ವಿಕ್ರಮನಿಂದ ಇಳಿಯಿತು’ ಎಂದರೆ ಆಸಾಮಿ. ಚಂದ್ರಯಾನ–3ರ ಲ್ಯಾಂಡರ್‌ಗೆ ವಿಕ್ರಮ್ ಸಾರಾಭಾಯಿ ಅವರ ಹೆಸರಿಟ್ಟಿರುವುದರಿಂದ ‘ವಿಕ್ರಮನ’ ಎಂಬುದು ಬಾಯಿಗೆ ತಾನಾಗಿ ಬರುತ್ತದೆ, ತಪ್ಪೇನಲ್ಲ. ಆದರೆ ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ‘ಅದು’ ಎಂದರೆ ಪ್ರೀತಿ ಕಡಿಮೆಯಾಯಿತೆಂದು ಅಂಜುವುದೂ ಬೇಡ. ನಮ್ಮಲ್ಲಿ ಮಗು, ಕೂಸು ಎಲ್ಲವೂ ನಪುಂಸಕ ಲಿಂಗವೇ. ‘ಪಾಪ, ಅದಕ್ಕೆ ನಿದ್ದೆ ಬಂದಿದೆ’ ಎಂದು ತೊಟ್ಟಿಲ ಮುಂದೆ ಹೇಳುವ ಭಾಷೆ ಇದು. 26 ಕೆ.ಜಿ. ತೂಕದ ಆರು ಗಾಲಿಯ ಪ್ರಜ್ಞಾನಕ್ಕೆ ‘ಅದು’ ಎನ್ನುವುದು ಕನ್ನಡದಲ್ಲಿ ಮುದ್ದೇ.

ಪ್ರಶ್ನೆ: ನಾಸಾ ರೋವರ್‌ಗಳಿಗೆ ಹೆಸರಿಡುವವರು ಯಾರು? ಮುದ್ದು ಹೆಸರು ಬೇರೆ ಇಡುತ್ತಾರೆಯೇ? (ಮೈಸೂರು)

ಅಧಿಕೃತ ಹೆಸರು ಬಹುಪಾಲು ಶಾಲಾ ಮಕ್ಕಳ ಪ್ರಬಂಧ ಸ್ಪರ್ಧೆಯಿಂದ ಬರುತ್ತದೆ. 1997ರಲ್ಲಿ ಮಂಗಳದ ಮೇಲೆ ಓಡಿದ ಸೋಜರ್ನರ್‌ಗೆ 12 ವರ್ಷದ ವ್ಯಾಲರಿ ಆಂಬ್ರೋಯ್ಸ್, ಗುಲಾಮಗಿರಿಯ ವಿರುದ್ಧ ಹೋರಾಡಿದ ಸೋಜರ್ನರ್ ಟ್ರೂತ್ ಅವರ ಹೆಸರು ಸೂಚಿಸಿದಳು. ಸ್ಪಿರಿಟ್, ಆಪರ್ಚುನಿಟಿ ಎರಡೂ 9 ವರ್ಷದ ಸೋಫಿ ಕಾಲಿಸ್ ಕೊಟ್ಟ ಹೆಸರುಗಳು. ಕ್ಯೂರಿಯಾಸಿಟಿ 2009ರಲ್ಲಿ ಕ್ಲಾರಾ ಮಾ ಕೊಟ್ಟದ್ದು. ಪರ್ಸಿವಿಯರೆನ್ಸ್ ಹೆಸರಿಗೆ ಸುಮಾರು 28,000 ಪ್ರಬಂಧಗಳು ಬಂದಿದ್ದವು, 2020ರ ಮಾರ್ಚ್‌ನಲ್ಲಿ ಏಳನೇ ತರಗತಿಯ ಅಲೆಕ್ಸಾಂಡರ್ ಮ್ಯಾಥರ್‌ನದು ಆಯ್ಕೆಯಾಯಿತು. ಅದೇ ರಾಶಿಯಲ್ಲಿ ವನೀಝಾ ರೂಪಾನಿ ರೋವರ್‌ಗೆಂದು ಬರೆದಿದ್ದ ‘ಇಂಜೆನ್ಯುಯಿಟಿ’ಯನ್ನು ಮರುತಿಂಗಳು ಪರ್ಸಿವಿಯರೆನ್ಸ್ ಜೊತೆ ಹೋಗಲಿದ್ದ ಪುಟ್ಟ ಹೆಲಿಕಾಪ್ಟರ್‌ಗೆ ಇಟ್ಟರು.

ಮುದ್ದು ಹೆಸರನ್ನು ಯಾರೂ ಆರಿಸುವುದಿಲ್ಲ, ಕೆಲಸದ ನಡುವೆ ತಾನಾಗಿ ಮೊಟಕಾಗುತ್ತದೆ. ವೆಂಕಟೇಶ ವೆಂಕಿಯಾಗುವ, ರಾಘವೇಂದ್ರ ರಾಘುವಾಗುವ ದಾರಿಯೇ ಅದು: ಆರಂಭದ ತುಂಡನ್ನು ಹಿಡಿದು ಕೊನೆಗೊಂದು ಸ್ವರ. ಆಪರ್ಚುನಿಟಿ ‘ಆಪಿ’ ಆಯಿತು, ಪರ್ಸಿವಿಯರೆನ್ಸ್ ‘ಪರ್ಸಿ’ ಆಯಿತು. ಇಂಜೆನ್ಯುಯಿಟಿ ಮಾತ್ರ ನಡುವಿನ ತುಂಡನ್ನು ಹಿಡಿದು ‘ಜಿನ್ನಿ’ ಆಗಿದೆ. ವಿಕ್ರಮ, ಪ್ರಜ್ಞಾನ ಮೊದಲೇ ಮೂರಕ್ಷರದ ಹೆಸರುಗಳು, ಮೊಟಕು ಮಾಡುವ ಅಗತ್ಯವೇ ಬೀಳಲಿಲ್ಲ.

ಪ್ರಶ್ನೆ: ‘ನನ್ನ ಬ್ಯಾಟರಿ ಕಡಿಮೆಯಾಗಿದೆ, ಕತ್ತಲಾಗುತ್ತಿದೆ’ ಎಂಬುದು ಆಪರ್ಚುನಿಟಿಯ ಕೊನೆಯ ಸಂದೇಶವಂತೆ. ನಿಜವೇ? (ದಾವಣಗೆರೆ)

ಆ ಮಾತನ್ನು ರೋವರ್ ಕಳುಹಿಸಲಿಲ್ಲ. 2019ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ವಿಜ್ಞಾನ ವರದಿಗಾರರೊಬ್ಬರು, ಕೊನೆಯ ದತ್ತಾಂಶದ ಬಗ್ಗೆ ವಿಜ್ಞಾನಿಗಳು ಹೇಳಿದ್ದನ್ನು ತಮ್ಮ ಮಾತಿನಲ್ಲಿ ಹಾಗೆ ಬರೆದರು. ಅದು ಹರಡುತ್ತಾ ಹೋಗಿ ರೋವರ್‌ನ ಬಾಯಿಗೆ ಬಂತು.

ರೋವರ್‌ನಿಂದ ಬಂದದ್ದು ಅಂಕಿಗಳು. 2018ರ ಜೂನ್ ಆರಂಭದಲ್ಲಿ ಅದರ ಸೌರಫಲಕಗಳು ಮಂಗಳದ ಒಂದು ದಿನಕ್ಕೆ 600ಕ್ಕೂ ಹೆಚ್ಚು ವಾಟ್–ಗಂಟೆ ವಿದ್ಯುತ್ ಕೊಡುತ್ತಿದ್ದವು. ದೂಳಿನ ಬಿರುಗಾಳಿ ಕವಿದು ಜೂನ್ 10ಕ್ಕೆ ಅದು 22 ವಾಟ್–ಗಂಟೆಗೆ ಕುಸಿಯಿತು. ಆಕಾಶದ ದೂಳಿನ ಸಾಂದ್ರತೆಯನ್ನು ‘ಟೌ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ತಿಳಿ ಆಕಾಶದಲ್ಲಿ ಅದು 1ಕ್ಕಿಂತ ಕೆಳಗಿರುತ್ತದೆ, ಆ ದಿನ 10.8. ಜೊತೆಗೆ ಬಂದ ಕೊನೆಯ ಚಿತ್ರಗಳಲ್ಲೊಂದು ಕಪ್ಪು ಆಕಾಶದ್ದು: ಕ್ಯಾಮೆರಾದ ನಾಯ್ಸ್‌ನಿಂದ ಬಿಳಿ ಚುಕ್ಕಿಗಳು ತುಂಬಿವೆ, ಕೆಳಭಾಗ ಬರುವ ಮೊದಲೇ ಪ್ರಸಾರ ಕಡಿದಿದೆ.

ಆಮೇಲೆ ಏನಾಗಿರಬಹುದು ಎಂಬುದನ್ನು ತಂಡ ಮೂರು ದೋಷಗಳಾಗಿ ಎಣಿಸಿತ್ತು. ಮೊದಲನೆಯದು ವಿದ್ಯುತ್ ಕೊರತೆ: ಗಡಿಯಾರವೊಂದನ್ನು ಬಿಟ್ಟು ಉಳಿದೆಲ್ಲ ಆಫ್. ಎರಡನೆಯದು ಗಡಿಯಾರವೂ ನಿಲ್ಲುವುದು. ಆಗ ಹೊತ್ತೆಷ್ಟೆಂದು ರೋವರ್‌ಗೆ ಗೊತ್ತಾಗದು, ಬೆಳಕು ಬಿದ್ದಿದೆಯೇ ಎಂದು ನೋಡಿಯೇ ಅಂದಾಜಿಸಬೇಕು. ಮೂರನೆಯದು ಭೂಮಿಯಿಂದ ಬಹುಕಾಲ ಮಾತು ಕೇಳದಿದ್ದಾಗ, ತನ್ನ ರೇಡಿಯೊ ಕೆಟ್ಟಿರಬಹುದೆಂದು ಬೇರೆ ಬೇರೆ ದಾರಿ ಪ್ರಯತ್ನಿಸುವ ಸ್ಥಿತಿ. ತಂಡ ಸಾವಿರಕ್ಕೂ ಹೆಚ್ಚು ಆದೇಶ ಕಳುಹಿಸಿತು, ಉತ್ತರ ಬರಲಿಲ್ಲ. 90 ದಿನಕ್ಕೆಂದು ಹೋದದ್ದು 14 ವರ್ಷ ದುಡಿದು, 45 ಕಿ.ಮೀ. ನಡೆದಿತ್ತು. ಆ 22 ಎಂಬ ಅಂಕಿಯನ್ನು ಬಲ್ಲವರಿಗೆ ಕಣ್ಣು ತುಂಬಲು ಅದಷ್ಟೇ ಸಾಕು, ಕಟ್ಟಿದ ಮಾತು ಬೇಕಿಲ್ಲ.

ಪ್ರಶ್ನೆ: ನಮ್ಮ ಪ್ರಜ್ಞಾನವೂ ‘ನಿದ್ದೆಗೆ ಜಾರಿತು’ ಎಂದರು. ಆ ನಿದ್ದೆ ಎಂದರೇನು? (ತುಮಕೂರು)

2023ರ ಆಗಸ್ಟ್ 23ರಂದು ಇಳಿದ ಮೇಲೆ ಅದಕ್ಕಿದ್ದ ಆಯಸ್ಸು ಒಂದು ಚಾಂದ್ರ ಹಗಲು, ಅಂದರೆ ನಮ್ಮ ಸುಮಾರು 14 ದಿನ. 100 ಮೀಟರ್‌ಗೂ ತುಸು ಹೆಚ್ಚು ನಡೆದು ಸೆಪ್ಟೆಂಬರ್ 2ರಂದು ಉಪಕರಣಗಳನ್ನು ಆಫ್ ಮಾಡಿಸಿಕೊಂಡಿತು. ಬ್ಯಾಟರಿ ತುಂಬಿತ್ತು, ಮುಂದಿನ ಸೂರ್ಯೋದಯದ ಬೆಳಕು ಬೀಳುವ ಕಡೆಗೆ ಫಲಕ ತಿರುಗಿತ್ತು, ರಿಸೀವರ್ ಮಾತ್ರ ಆನ್ ಇತ್ತು. ಆದರೆ ಚಂದ್ರನ ರಾತ್ರಿಯ ಕಡುಚಳಿ ತಾಳುವಂತೆ ಅದರ ಬ್ಯಾಟರಿ, ಎಲೆಕ್ಟ್ರಾನಿಕ್ಸ್ ವಿನ್ಯಾಸವಾಗಿರಲಿಲ್ಲ. ಸೆಪ್ಟೆಂಬರ್ 22ರಿಂದ ಇಸ್ರೊ ಕರೆಯಿತು, ಓಗೊಡಲಿಲ್ಲ.

ಪ್ರಶ್ನೆ: ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಸ್ಪರ್ಧೆಗಾಗಿ ಎರಡು ರೋವರ್ ಕಟ್ಟುತ್ತಿದ್ದೇವೆ. ಕನ್ನಡದಲ್ಲೇ ಮುದ್ದು ಹೆಸರಿಡಬೇಕೆಂದಿದ್ದೇವೆ. ಯಾವುದಕ್ಕೆ ಎಚ್ಚರವಹಿಸಬೇಕು? (ಧಾರವಾಡ)

ಖಂಡಿತ ಕನ್ನಡದಲ್ಲೇ ಇಡಿ. ಮೊದಲು ಗುರುತಿನ ಕೋಡ್ ಮತ್ತು ಹೆಸರನ್ನು ಬೇರ್ಪಡಿಸಿ. ಕೇಬಲ್ ಪಟ್ಟಿ, ಬಿಡಿಭಾಗದ ಚೀಟಿ, ಫೈಲ್ ಹೆಸರು ಎಲ್ಲದರಲ್ಲೂ ಕೋಡ್ ಮಾತ್ರ ಇರಲಿ, ಹೆಸರು ಆಮೇಲೆ ಬದಲಾದರೂ ಚೀಟಿ ಬದಲಾಗಬಾರದು. ಕೋಡ್ ಕೂಡ ಒಂದೇ ಇರಲಿ. ಸ್ಪಿರಿಟ್‌ನ ಯಾನ ‘ಮರ್–ಎ’ (ಮರ್ ಎಂದರೆ ಮಾರ್ಸ್ ಎಕ್ಸ್‌ಪ್ಲೊರೇಶನ್ ರೋವರ್), ಆದರೆ ಆ ವಾಹನ ‘ಮರ್–2’. ಆಪರ್ಚುನಿಟಿ ‘ಮರ್–ಬಿ’, ವಾಹನ ‘ಮರ್–1’. ಈ ಅದಲುಬದಲು ಇಂದಿಗೂ ದಾಖಲೆ ಓದುವವರನ್ನು ತಡವರಿಸುವಂತೆ ಮಾಡುತ್ತದೆ.

ಎರಡು ಹೆಸರೂ ಬೇರೆ ಬೇರೆ ಅಕ್ಷರದಿಂದ ಶುರುವಾಗಲಿ. ಚಿನ್ನು–ಚಿಂಟು ಜೋಡಿ ವಾಕಿಟಾಕಿಯಲ್ಲಿ ಒಂದೇ ಥರ ಕೇಳುತ್ತದೆ, ‘ಚಿನ್ನು, ನಿಲ್ಲು’ ಎಂದಾಗ ಚಿಂಟು ನಿಂತೀತು. ಮೋಟಾರ್ ಓಡುತ್ತಿರುವಾಗ 30 ಮೀಟರ್ ದೂರದಿಂದ ಎರಡನ್ನೂ ಹಿಂದುಮುಂದಾಗಿ ಹತ್ತತ್ತು ಸಲ ಕೂಗಿ, ಕೇಳಿದವರು ಬರೆದುಕೊಳ್ಳಲಿ. ಒಂದು ತಪ್ಪಾದರೂ ಹೆಸರು ಬದಲಿಸಿ.

ಸ್ಟಿಕ್ಕರ್ ಕತ್ತರಿಸುವಾಗ ಒತ್ತಕ್ಷರದ ಎಳೆ 3 ಮಿ.ಮೀ.ಗಿಂತ ಸಣ್ಣದಾದರೆ ದೂಳು, ಬಿಸಿಲಿಗೆ ಮೊದಲು ಏಳುವುದು ಅದೇ. ಅದಕ್ಕೇ ‘ಪುಟ್ಟಿ’ಗಿಂತ ‘ಗಿಣಿ’ ಬಾಳಿಕೆ ಬರುತ್ತದೆ. ಲೋಹದ ಹೊಳಪಿನ ಹಾಳೆಯನ್ನು ಆಂಟೆನಾ ಅಥವಾ ಜಿಪಿಎಸ್ ಮೇಲೆ ಅಂಟಿಸಬೇಡಿ, ಸಿಗ್ನಲ್ ತಡೆಯುತ್ತದೆ. ಸ್ಕ್ರೂ ತಲೆ, ಗಾಳಿಕಿಂಡಿ ಬಿಟ್ಟು ಪಕ್ಕದ ಫಲಕದಲ್ಲಿರಲಿ. ಸಣ್ಣ ಓಎಲ್‌ಇಡಿ ಪರದೆಯ ಸಾಮಾನ್ಯ ಲೈಬ್ರರಿಗಳಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಹೆಸರನ್ನು ಚಿತ್ರವಾಗಿ ಬರೆದು ಬಿಟ್‌ಮ್ಯಾಪ್ ಮಾಡಿ ಹಾಕಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ದೋಷದ ದಾಖಲೆಯಲ್ಲಿ ‘ಗಿಣಿ ಮುನಿಸಿಕೊಂಡಿದೆ’ ಎಂದು ಬರೆಯಬೇಡಿ. ಸಮಯ, ಬ್ಯಾಟರಿ ವೋಲ್ಟೇಜ್, ಪ್ರತಿ ಮೋಟಾರಿನ ಕರೆಂಟ್, ಕೊನೆಯ ಆದೇಶ, ಇಷ್ಟನ್ನು ಮೊದಲು ಬರೆಯಿರಿ. ಮುನಿಸಿನ ಕಾರಣ ಅಲ್ಲೇ ಇರುತ್ತದೆ.

ಪ್ರಶ್ನೆ: ಭೂಮಿಯಲ್ಲೇ ಉಳಿದ ಪರೀಕ್ಷಾ ರೋವರ್‌ಗಳಿಗೂ ಹೆಸರಿದೆಯೇ? (ಕೊಪ್ಪಳ)

ಇದೆ. ಕ್ಯೂರಿಯಾಸಿಟಿಯ ಪೂರ್ಣ ಜೋಡಿಯ ಹೆಸರು ಮ್ಯಾಗಿ, ಪರ್ಸಿವಿಯರೆನ್ಸ್‌ನ ಜೋಡಿ ಆಪ್ಟಿಮಿಸಂ. ಇನ್ನೊಂದಿದೆ, ಸ್ಕೇರ್‌ಕ್ರೋ, ನಮ್ಮ ಹೊಲದ ಬೆರ್ಚಪ್ಪ. ಮಂಗಳದಲ್ಲಿ ಗುರುತ್ವ ಭೂಮಿಯ ಎಂಟನೇ ಮೂರು ಭಾಗ. ಆದ್ದರಿಂದ 899 ಕೆ.ಜಿ.ಯ ಕ್ಯೂರಿಯಾಸಿಟಿ ಅಲ್ಲಿ ಗಾಲಿಯ ಮೇಲೆ ಹಾಕುವಷ್ಟೇ ಭಾರ ಇಲ್ಲಿ ಬೀಳಲೆಂದು ಇದರ ತೂಕವನ್ನು ಎಂಟನೇ ಮೂರು ಭಾಗಕ್ಕೆ ಇಳಿಸಿದ್ದಾರೆ. ಮರಳುದಿಬ್ಬ ಹತ್ತಿಸುವುದು, ಚೂಪುಕಲ್ಲಿನ ಮೇಲೆ ಓಡಿಸಿ ಗಾಲಿ ಹರಿಯುವುದನ್ನು ನೋಡುವುದು ಇದರ ಪಾಲಿನ ಕೆಲಸ. ಹಗುರ ಮಾಡಲು ರೋವರ್‌ನ ಕಂಪ್ಯೂಟರನ್ನೇ ತೆಗೆದರು, ತಲೆಯಲ್ಲಿ ಮಿದುಳಿಲ್ಲ. ಹೆಸರು ಬಂದದ್ದು ಅದರಿಂದಲೇ.