ಗೊಂಜೋನ ಕಣ್ಣು ಅರಳಿದ್ದು ಹೇಗೆ?

ಪ್ರಶ್ನೆ: ‘ದಿ ಮಪೆಟ್ ಶೋ’ ಎಂಬ ಗೊಂಬೆಗಳ ಟಿ.ವಿ. ಹಾಸ್ಯ ಕಾರ್ಯಕ್ರಮದ ಹಳೆಯ ಕಂತುಗಳನ್ನು ಮೊದಲಿನಿಂದ ನೋಡುತ್ತಿದ್ದೇವೆ. ಉದ್ದ ಡೊಂಕು ಮೂಗಿನ ನೀಲಿ ಗೊಂಜೋ ಮೊದಲ ಸೀಸನ್‌ನಲ್ಲಿ ಜೋಲು ಮೋರೆ ಹಾಕಿಕೊಂಡಿರುತ್ತಾನೆ, ಎರಡನೆಯದರಲ್ಲಿ ಬೇರೆಯೇ ಆಸಾಮಿ. ಬರೆಯುವವರು ಬದಲಾದರೇ?

ಉತ್ತರ: ಬದಲಾದದ್ದು ಹೌದು. ಮುಖ್ಯ ಬರಹಗಾರ ಜ್ಯಾಕ್ ಬರ್ನ್ಸ್ ಅವರ ಜಾಗಕ್ಕೆ ಎರಡನೇ ಸೀಸನ್‌ನಿಂದ ಜೆರ್ರಿ ಜೂಲ್ ಬಂದರು. ಆದರೆ ಗೊಂಜೋನ ಮಟ್ಟಿಗೆ ದೊಡ್ಡ ಕಾರಣ ಅವನ ಕಣ್ಣಿನ ರೆಪ್ಪೆ. 1970ರ ಒಂದು ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಮಾಡಿದ್ದ ಗೊಂಬೆಯಿಂದ 1976ರಲ್ಲಿ ಗೊಂಜೋ ಹುಟ್ಟಿದ. ಆ ಮುಖದ ರೆಪ್ಪೆ ಸದಾ ಅರ್ಧ ಇಳಿದೇ ಇರುತ್ತಿತ್ತು. ಆಡಿಸುತ್ತಿದ್ದ ಡೇವ್ ಗೋಲ್ಜ್ ತಂಡಕ್ಕೆ ಬಂದದ್ದು ಗೊಂಬೆ ತಯಾರಕರಾಗಿ. ಕಲಾವಿದರಾಗಿ ಅವರಿಗಿನ್ನೂ ಅಳುಕು. ಆ ಅಳುಕು ಗೊಂಬೆಗೂ ಇಳಿಯಿತು. ಸಂಗೀತಕ್ಕೆ ಸರಿಯಾಗಿ ರಬ್ಬರ್ ಟೈರ್ ತಿನ್ನುವ ‘ಮಹಾನ್ ಕಲಾವಿದ’ ಹುಮ್ಮಸ್ಸಿನಿಂದ ಕುಣಿಯಬೇಕಾದಾಗಲೂ ಮುಖ ಮಾತ್ರ ಅಳುತ್ತಿತ್ತು. ಅದಕ್ಕೇ ಎರಡನೇ ಸೀಸನ್‌ಗೆ ರೆಪ್ಪೆ ಮೇಲೇಳುವ ಹೊಸ ಗೊಂಬೆ ಮಾಡಿದರು. ಕಣ್ಣು ಅಗಲವಾಗಿ ತೆರೆದದ್ದೇ ತಡ, ಸೋಲನ್ನೂ ಸಂಭ್ರಮಿಸುವ ಹುಂಬನನ್ನು ಬರೆಯಲು ದಾರಿಯಾಯಿತು. ನಮ್ಮ ಪ್ರಕಾರ ಇಡೀ 120 ಕಂತುಗಳಲ್ಲಿ ಇಷ್ಟು ಚಿಕ್ಕ ದುರಸ್ತಿಯಿಂದ ಇಷ್ಟು ಬೆಳೆದ ಪಾತ್ರ ಇನ್ನೊಂದಿಲ್ಲ.

ಪ್ರಶ್ನೆ: ಅವನಿಗೆ ಕೋಳಿಗಳ ಮೇಲೆ ಪ್ರೀತಿ ಯಾಕೆ?

ಉತ್ತರ: ಅದು ಮೊದಲೇ ಯೋಚಿಸಿ ಬರೆದದ್ದಲ್ಲ. ಕುಣಿಯುವ ಕೋಳಿಗಳ ದೃಶ್ಯವೊಂದರಲ್ಲಿ ಗೋಲ್ಜ್ ಅವುಗಳ ಕಾಲನ್ನು ಮೆಚ್ಚಿ ಸ್ಥಳದಲ್ಲೇ ಒಂದು ಮಾತು ಸೇರಿಸಿದರು. ಬರಹಗಾರರು ಅದನ್ನು ಬಿಡದೆ ಹಿಡಿದುಕೊಂಡರು. ಕಮಿಲಾ ಎಂಬ ಕೋಳಿ ಅವನ ಪ್ರೇಯಸಿಯೇ ಆದಳು.

ಪ್ರಶ್ನೆ: ಶಾಲೆಯ ನಾಟಕಕ್ಕೆ ರೆಪ್ಪೆ ಆಡುವ ಕೈಗೊಂಬೆ ಮಾಡಿದ್ದೇವೆ. ಬಾಯಿ ಆಡಿಸಿದಾಗಲೆಲ್ಲ ಕಣ್ಣೂ ಮಿಟುಕುತ್ತದೆ. ಏನು ಮಾಡೋಣ?

ಉತ್ತರ: ದಾರವನ್ನು ಹೆಬ್ಬೆರಳಿನ ಕಡೆಯಿಂದ ತಂದಿರುತ್ತೀರಿ. ಹೆಬ್ಬೆರಳು ಕೆಳದವಡೆ, ಅದು ಇಳಿದಾಗಲೆಲ್ಲ ದಾರ ಎಳೆಯುತ್ತದೆ. ದಾರವನ್ನು ಮೇಲ್ದವಡೆಯ ಒಳಗೆ, ನಾಲ್ಕು ಬೆರಳುಗಳ ಬೆನ್ನ ಮೇಲಿಂದ ತಂದು, ತುದಿಗೆ ಉಂಗುರ ಕಟ್ಟಿ ನಡುಬೆರಳಿಗೆ ಹಾಕಿ. ಆ ಬೆರಳನ್ನು ಮಡಚಿದಾಗ ಮಾತ್ರ ರೆಪ್ಪೆ ಏಳಬೇಕು. ಬೆರಳು ಸಡಿಲ ಬಿಟ್ಟಾಗ ರೆಪ್ಪೆಯನ್ನು ಅರ್ಧಕ್ಕೆ ಇಳಿಸಲು ತೆಳು ಎಲಾಸ್ಟಿಕ್ ಸಾಕು. ಬಿಗಿಯಾದರೆ ಐದು ನಿಮಿಷದಲ್ಲಿ ಬೆರಳು ಸೋಲುತ್ತದೆ. ಎರಡೂ ರೆಪ್ಪೆಗಳನ್ನು ಒಂದೇ ಕಡ್ಡಿಗೆ ಅಂಟಿಸಿ, ಇಲ್ಲವಾದರೆ ಒಂದು ಹಿಂದೆ ಬೀಳುತ್ತದೆ. ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ 1ರಿಂದ 2 ಮಿಲಿಮೀಟರ್ ಸಂದು ಬೇಕು. ಅಂಚಿನ ತುಪ್ಪಳವನ್ನು ಕತ್ತರಿಸಿಬಿಡಿ, ಒಂದೆಳೆ ಸಿಕ್ಕಿಕೊಂಡರೂ ಕಣ್ಣು ಅರ್ಧಕ್ಕೇ ನಿಲ್ಲುತ್ತದೆ. ಪಾಪೆಗಳನ್ನು ಮೂಗಿನ ಕಡೆಗೆ ತುಸು ಒಳಸರಿಸಿ ಅಂಟಿಸಿ; ನಟ್ಟನಡುವೆ ಇಟ್ಟರೆ ಗೊಂಬೆ ಯಾರನ್ನೂ ನೋಡುವುದಿಲ್ಲ.

ಮಾತಿನ ಪ್ರತಿ ಪದಕ್ಕೂ ರೆಪ್ಪೆ ಎತ್ತಬೇಡಿ. ಅರೆಗಣ್ಣಲ್ಲೇ ಮಾತು ಮುಗಿಸಿ, ಒಂದು ಕ್ಷಣ ತಡೆದು, ಆಮೇಲೆ ಪೂರ್ತಿ ತೆರೆಯಿರಿ. ಮಕ್ಕಳು ನಗುವುದು ಅಲ್ಲೇ.