ಆ ರಾತ್ರಿ ನಾಯಿ ಬೊಗಳಿತ್ತು

ಹೆಸರು, ಊರು, ಗುರುತು ಸಿಗುವ ವಿವರಗಳನ್ನೆಲ್ಲ ಮರೆಮಾಡಿದ್ದೇನೆ. ಬರೆಯಬಹುದು ಎಂದು ತಾಯಿ, ಮಗ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ತೋಟದ ಆಳುಗಳು ಆಕೆಯನ್ನು ಅಮ್ಮೋರು ಎನ್ನುತ್ತಾರೆ. ಇಲ್ಲಿ ನಾನೂ ಹಾಗೆಯೇ ಕರೆಯುತ್ತೇನೆ.

ಅಮ್ಮೋರಿಗೆ ಅರವತ್ತು ದಾಟಿದೆ. ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ಯಜಮಾನರು ತೀರಿಕೊಂಡು ಎರಡು ವರ್ಷ. ಒಬ್ಬನೇ ಮಗ, ಬೆಂಗಳೂರಿನಲ್ಲಿ ಕೆಲಸ. ಚಿಕ್ಕಮಗಳೂರಿನಲ್ಲಿ ನಾನು ಆಪ್ತಸಮಾಲೋಚನೆ ನಡೆಸುವ ಕೊಠಡಿಗೆ ಅವರು ಬಂದದ್ದು ನಿದ್ದೆ ಬರುವುದಿಲ್ಲ ಎಂದು. ಬಿಪಿ ನೋಡುವ ವೈದ್ಯರು, ನಿದ್ದೆ ಮಾತ್ರೆ ಬರೆಯುವ ಮೊದಲು ಒಮ್ಮೆ ಮಾತಾಡಿಕೊಂಡು ಬನ್ನಿ ಎಂದು ಕಳಿಸಿದ್ದರು. ಮಾರ್ಚ್‌ನಲ್ಲಿ ಒಂದು ರಾತ್ರಿ ಗೋಡೌನಿನ ಬೀಗ ಒಡೆದು ಎರಡು ಚೀಲ ಕಾಳುಮೆಣಸು ಹೊತ್ತೊಯ್ದಿದ್ದರು. ಒಣಗಿಸಿ, ತೂರಿ, ಮಾರಲು ಇಟ್ಟಿದ್ದ ಮೆಣಸು. ಅವತ್ತಿನಿಂದ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಬೆಳಕು ಹರಿಯುವ ತನಕ ಹಾಸಿಗೆಯ ಮೇಲೆ ಕೂತೇ ಇರುತ್ತಿದ್ದರು.

ಮಗ ಇದಕ್ಕೊಂದು ದಾರಿ ಹುಡುಕಿದ್ದ: ರಾಟ್‌ವೀಲರ್. ಮರಿಯ ವಿಡಿಯೋ ನೋಡಿ ಮುಂಗಡವನ್ನೂ ಕೊಟ್ಟಿದ್ದ.

"ಬೇಡ ಅಂದ್ರೆ ಅವನಿಗೆ ಬೇಜಾರು. ಹೂಂ ಅನ್ನೋಕೆ ನಂಗೆ ಧೈರ್ಯ ಇಲ್ಲ. ನಾನು ನಾಯಿಗೆ ಅನ್ನ ಹಾಕಿದ್ದೀನೇ ಹೊರತು ನಾಯಿ ಸಾಕಿದವಳಲ್ಲ. ಸಾಕ್ತಿದ್ದಿದ್ದು ಅವರು."

ಯಜಮಾನರ ಕಾಲದ ಕೊನೆಯ ನಾಯಿಯನ್ನು ಹೋದ ಮಳೆಗಾಲದಲ್ಲಿ ಕಿರುಬ (ಮಲೆನಾಡಿನವರ ಮಾತಿನಲ್ಲಿ ಚಿರತೆ) ಎತ್ತಿಕೊಂಡು ಹೋಗಿತ್ತು. ಜಗಲಿಯ ಕಂಬಕ್ಕೆ ಸರಪಳಿ ಮಾತ್ರ ಉಳಿದಿತ್ತು.

ಮೊದಲ ದಿನ ನಾನು ತಪ್ಪಿದೆ. ನಾಯಿಯ ಮಾತು ಬಂದಾಗಲೆಲ್ಲ ಅದನ್ನು ಮಗನ ಕಡೆಗೆ ತಿರುಗಿಸಿದೆ. ಮಗ ತಾನು ಬರಲಾಗದ್ದಕ್ಕೆ ನಾಯಿ ಕಳಿಸುತ್ತಿದ್ದಾನೆ, ನಿಮಗೆ ಬೇಕಾಗಿರುವುದು ನಾಯಿಯಲ್ಲ ಎಂಬ ದಾರಿಯಲ್ಲಿ ಮಾತು ಒಯ್ದೆ. ಅಮ್ಮೋರು ಎಲ್ಲ ಕೇಳಿಸಿಕೊಂಡು, ಹೊರಡುವಾಗ ಬಾಗಿಲ ಬಳಿ ನಿಂತರು. "ಅವನು ಬಂದು ಇಲ್ಲಿರಲ್ಲ ಅಂತ ನಂಗೆ ಗೊತ್ತು ಮೇಡಂ. ಅದಕ್ಕೆ ಅಳೋದನ್ನ ಅತ್ತು ಮುಗಿಸಿದ್ದೀನಿ. ನಾನು ಕೇಳಿದ್ದು ನಾಯಿ ವಿಷ್ಯ. ಆ ನಾಯಿ ನಂಗೆ ಆಗುತ್ತಾ, ಇಲ್ವಾ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ವಾರದೊಳಗೆ ಪರಿಚಯದ ಪಶುವೈದ್ಯರೊಬ್ಬರ ಜೊತೆ ಎರಡು ಸಂಜೆ ಕೂತೆ. ನಾಯಿ ಸಾಕಿ ಪಳಗಿದ ಇಬ್ಬರು ತೋಟದವರನ್ನು ಕೇಳಿದೆ. ಜನ ತಮ್ಮ ಕಷ್ಟವನ್ನು ಒಂದು ವಸ್ತುವಿನ ಹೆಸರಿನಲ್ಲಿ ತಂದಾಗ ಆ ವಸ್ತುವನ್ನೂ ನಿಜವೆಂದು ನೋಡಬೇಕು. ಅದನ್ನು ದಾಟಿ ಒಳಗೆ ಇಣುಕುವ ಅವಸರ ನಮ್ಮ ವೃತ್ತಿಯವರಿಗೆ ಹೆಚ್ಚು.

ಎರಡನೇ ಭೇಟಿಯಲ್ಲಿ ತಳಿಯ ಮಾತು ಎತ್ತಲೇ ಇಲ್ಲ. ತೋಟಕ್ಕೆ ಯಾರು ಯಾರು ಬರುತ್ತಾರೆ ಎಂದು ಕೇಳಿದೆ. ಉಣುಗೋಲಿನ ಗೇಟು ದಾಟಿ, ಆಳುಗಳ ಸಾಲುಮನೆಗಳಾದ ಲೈನ್ ಮನೆಯ ಮಕ್ಕಳು ಶಾಲೆಗೆ ಹೋಗುವ ಕಾಲುದಾರಿ ಅಂಗಳದ ಅಂಚಿನಲ್ಲೇ ಇದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಾಫಿ ಕುಯ್ಯಲು ಹೊರಗಿನಿಂದ ಆಳು ಬರುತ್ತಾರೆ, ವರ್ಷಕ್ಕೊಂದು ತಂಡ, ಎಲ್ಲ ಹೊಸ ಮುಖ. ಆಮೇಲೆ ಮೆಣಸು ಕುಯ್ಯುವವರು ಏಣಿ ಹೊತ್ತು ಬರುತ್ತಾರೆ. ಕಣದಲ್ಲಿ ಹಗಲೆಲ್ಲ ಹೆಂಗಸರು ಕಾಫಿ ಹರಡುತ್ತಿರುತ್ತಾರೆ. ಆಳು, ಲೆಕ್ಕ ನೋಡಿಕೊಳ್ಳುವ ರೈಟರ್ ಬೆಳಿಗ್ಗೆ ಆರಕ್ಕೇ ಬರುತ್ತಾರೆ.

"ಇಷ್ಟು ಜನ ಓಡಾಡುವಾಗ ನಾಯಿಯನ್ನು ಹಿಡಿಯೋರು ಯಾರಮ್ಮಾ?"

ಅವರು ತಮ್ಮ ಬಲಗೈ ನೋಡಿಕೊಂಡರು. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಿತ್ತು. ಅವರ ತೂಕ 48 ಕೆಜಿ. ಬೆಳೆದ ಗಂಡು ರಾಟ್‌ವೀಲರ್ 50ರಿಂದ 60 ಕೆಜಿ ತೂಗುತ್ತದೆ. ಜರ್ಮನಿಯ ರಾಟ್‌ವೈಲ್ ಊರಿನಲ್ಲಿ ಕಟುಕರ ದನ ಹೊಡೆಯಲು, ಗಾಡಿ ಎಳೆಯಲು ಬೆಳೆಸಿದ ಮೈ ಅದು. ಕೆಟ್ಟ ನಾಯಿಯಲ್ಲ. ಮರಿಯಿಂದಲೇ ದಿನಾ ಜೊತೆಗಿದ್ದು, ಹೇಳಿದ ಮಾತು ಒಂದೇ ಎಂಬಂತೆ ನಡೆದುಕೊಳ್ಳುವ ಒಡೆಯನಿದ್ದರೆ ಅದರಷ್ಟು ನಂಬಿಗಸ್ತ ನಾಯಿ ಕಡಿಮೆ. ಆದರೆ ಕೈ ಗಟ್ಟಿಯಿಲ್ಲದ ಮನೆಯಲ್ಲಿ ಅದನ್ನು ಕುಯ್ಲಿನ ಮೂರು ತಿಂಗಳೂ ಕಟ್ಟಿಯೇ ಹಾಕಬೇಕಾಗುತ್ತದೆ. ಕಟ್ಟಿ ಹಾಕಿದ ನಾಯಿ ದಿನದಿಂದ ದಿನಕ್ಕೆ ಸಿಡುಕಾಗುತ್ತದೆ, ಸಿಡುಕಾಯಿತೆಂದು ಇನ್ನಷ್ಟು ಕಟ್ಟುತ್ತಾರೆ, ಒಂದು ದಿನ ಕೊಂಡಿ ಕಳಚಿದಾಗ ಎದುರಿಗೆ ಸಿಗುವುದು ಕಳ್ಳನಲ್ಲ, ಲೈನ್ ಮನೆಯ ಮಗು. ಪಶುವೈದ್ಯರು ಇದನ್ನು ಹೇಳುವಾಗ ಅವರ ದನಿ ಬದಲಾಗಿತ್ತು. ಇಂಥ ಮಗುವಿನ ಗಾಯವನ್ನು ಅವರು ನೋಡಿದ್ದರು.

ಆಮೇಲೆ ಕೇಳಿದೆ, ಆ ರಾತ್ರಿಯ ಬಗ್ಗೆ. "ಮೆಣಸು ಹೋದ ದಿನ ಯಾವ ನಾಯಿಯೂ ಬೊಗಳಲಿಲ್ವಾ?"

ಅಮ್ಮೋರು ತುಂಬ ಹೊತ್ತು ಸುಮ್ಮನಿದ್ದರು. "ಲೈನಿನ ಹತ್ರ ಒಂದು ಹೆಣ್ಣು ನಾಯಿ ಇದೆ. ಅದು ಬೊಗಳ್ತಾನೇ ಇತ್ತು. ಹಂದಿ ಬಂದಿರಬೇಕು ಅಂತ ಮಗ್ಗುಲು ಬದಲಿಸಿದೆ."

ಈ ಪ್ರಕರಣದ ಗಂಟು ಇದ್ದದ್ದು ಅಲ್ಲಿ. ಅವರ ನಿದ್ದೆ ಕೆಡಿಸಿದ್ದು ಕಳ್ಳರಷ್ಟೇ ಅಲ್ಲ, ಕೇಳಿಯೂ ಏಳಲಿಲ್ಲ ಎಂಬ ಕೊರಗು. ಈಗ ಎಲ್ಲೋ ಒಂದು ನಾಯಿ ಬೊಗಳಿದರೂ ಎದೆ ಹೊಡೆದುಕೊಳ್ಳುತ್ತದೆ, ಏಳಬೇಕೋ ಬೇಡವೋ ತಿಳಿಯದೆ ಕೂತುಬಿಡುತ್ತಾರೆ. ಇದನ್ನು ಮಗನಿಗೆ ಹೇಳಿರಲಿಲ್ಲ. ತೋಟಕ್ಕೆ ಕಾವಲು ನಾಯಿಯೇ ಇರಲಿಲ್ಲ ಎಂದು ಮಗ ತಿಳಿದಿದ್ದ. ಕಾವಲು ಇತ್ತು. ಅದರ ಮಾತಿಗೆ ಓಗೊಡುವ ವ್ಯವಸ್ಥೆ ಇರಲಿಲ್ಲ.

"ಆದ್ರೆ ಅದು ಕಂತ್ರಿ ನಾಯಿ ಮೇಡಂ," ಎಂದರು. ನಮ್ಮಲ್ಲಿ ಜಾತಿ ನಾಯಿ ಬಂದರೆ ಕಾವಲು ಬಂತು ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಕೆಲಸ ಮಾಡುತ್ತಿರುವ ನಾಯಿ ಲೆಕ್ಕಕ್ಕೇ ಬರುವುದಿಲ್ಲ.

ಮೂರನೇ ಸಲ ಮಗನೂ ಬಂದ. ಒಳ್ಳೆಯ ಹುಡುಗ, ತುಂಬ ಓದಿಕೊಂಡು ಬಂದಿದ್ದ. ರಾಟ್‌ವೀಲರ್ ಸಾಕುವಂತಿಲ್ಲ ಎಂದು ಪಕ್ಕದ ತೋಟದವರು ಹೆದರಿಸಿದ್ದರಂತೆ, ಮೊದಲು ಅದಕ್ಕೇ ಉತ್ತರ ಕೊಟ್ಟ: 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ 23 ತಳಿಗಳ ಮೇಲೆ ನಿಷೇಧಕ್ಕೆ ಸುತ್ತೋಲೆ ಹೊರಡಿಸಿದ್ದು ನಿಜ, ರಾಟ್‌ವೀಲರ್ ಆ ಪಟ್ಟಿಯಲ್ಲಿತ್ತು, ಆದರೆ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿದೆ. ಅವನ ಮಾತು ಸರಿ. ಅದರ ಜೊತೆಗೆ ಇನ್ನೊಂದನ್ನು ಹೇಳಿದೆ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಸದಾ ಕಟ್ಟಿಹಾಕಿ ಅಡ್ಡಾಡಿಸದೆ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಈ ಎರಡರ ನಡುವೆ ಸಿಕ್ಕಿಕೊಳ್ಳುವವರು ಬೆಂಗಳೂರಿನಲ್ಲಿರುವ ನೀವಲ್ಲ, ಅಮ್ಮ.

ಮರಿಯ ವಯಸ್ಸು ಕೇಳಿದೆ. 35 ದಿನ. ಮರಿ ತಾಯಿ ಹತ್ತಿರ, ಒಡಹುಟ್ಟಿದವರ ಜೊತೆ ಕಚ್ಚಾಡಿ, ಎಷ್ಟು ಜೋರಾಗಿ ಕಚ್ಚಬಾರದು ಎಂದು ಕಲಿಯುವ ಕಾಲ ಅದು. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ 2017ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಇನ್ನು 3ನೇ ವಾರದಿಂದ ಸುಮಾರು 14ನೇ ವಾರದ ತನಕ ಕಂಡದ್ದನ್ನೆಲ್ಲ ತನ್ನ ಲೋಕ ಎಂದು ಒಪ್ಪಿಕೊಳ್ಳುವ ಕಾಲ. ಆಗ ಮಕ್ಕಳು, ಛತ್ರಿ, ಕಂಬಳಿಕೊಪ್ಪೆ, ಏಣಿ ಹೊತ್ತವರು, ಜೀಪು ಎಲ್ಲ ಕಂಡರೆ ಮುಂದೆ ಅವಕ್ಕೆ ಹೆದರಿ ಎಗರುವುದಿಲ್ಲ. ಅಷ್ಟನ್ನು ಮಾಡಿಸಲು ಅಮ್ಮನಿಂದ ಆಗುತ್ತದೆಯೇ? ಅಲ್ಲದೆ ಕಾವಲು ಬುದ್ಧಿ ಬಲಿಯಲು ಒಂದೂವರೆ, ಎರಡು ವರ್ಷ ಬೇಕು. ಅಲ್ಲಿಯ ತನಕ ಅದನ್ನೇ ಕಿರುಬನಿಂದ ಕಾಯಬೇಕು.

ಅವನು ಬೇರೆ ತಳಿಗಳ ಹೆಸರು ಹೇಳುತ್ತಾ ಹೋದ. ಡೋಬರ್‌ಮನ್: ತೆರಿಗೆ ವಸೂಲಿ ಮಾಡುತ್ತಿದ್ದ ಒಬ್ಬ ಜರ್ಮನ್ 19ನೇ ಶತಮಾನದಲ್ಲಿ ತನ್ನ ಪಕ್ಕದಲ್ಲಿ ನಡೆಯಲೆಂದೇ ಬೆಳೆಸಿದ ತಳಿ. ಒಬ್ಬರಿಗೆ ಅಂಟಿಕೊಳ್ಳುತ್ತದೆ, ಬಲು ಚುರುಕು, ಸುಮ್ಮನೆ ಕೂರಿಸಿದರೆ ಕೆಡುತ್ತದೆ, ತೆಳುಗೂದಲು, ಮಲೆನಾಡಿನ ಜುಲೈ ಚಳಿಗೆ ಒಳಗೇ ಇರಬೇಕು. ಜರ್ಮನ್ ಶೆಫರ್ಡ್ ಹೇಳಿದ್ದು ಬೇಗ ಕಲಿಯುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ದಟ್ಟಗೂದಲು ಒಣಗಿಸುವುದೇ ಒಂದು ಕೆಲಸ, ಚರ್ಮ ಕೆಡುತ್ತದೆ. ಸೊಂಟದ ಕೀಲಿನ ತೊಂದರೆಯೂ ಆ ತಳಿಗೆ ಸಾಮಾನ್ಯ. ಲ್ಯಾಬ್ರಡಾರ್ ಕಳ್ಳನಿಗೂ ಬಾಲ ಅಲ್ಲಾಡಿಸೀತು.

"ನಮ್ಮದೇ ಮುಧೋಳ ಆಗಬಹುದಲ್ವಾ ಮೇಡಂ?" ಎಂದ. ಈ ಪ್ರಶ್ನೆ ನನಗೆ ಇಷ್ಟವಾಯಿತು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ, ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ, ಹೆಮ್ಮೆ ಪಡಬೇಕಾದದ್ದೇ. ಆದರೆ ಅದು ಬಯಲುಸೀಮೆಯ ಬೇಟೆ ನಾಯಿ. ಕಣ್ಣಿಗೆ ಓಡುವುದು ಬಿದ್ದರೆ ಬಾಣದ ಹಾಗೆ ಹೋಗುತ್ತದೆ. ಬೇಲಿಯಾಚೆ ಕಾಡಿರುವ ತೋಟದಲ್ಲಿ ಮೊಲದ ಹಿಂದೆ, ಕಾಡುಕುರಿಯ ಹಿಂದೆ ಓಡಿದ ನಾಯಿಯನ್ನು ಅಮ್ಮೋರು ಯಾವ ಇಳಿಜಾರಿನಲ್ಲಿ ಹುಡುಕುವುದು? ಅವನ್ನು ಬೇಟೆಯಾಡಿಸುವುದು ಕಾನೂನಿಗೂ ವಿರುದ್ಧ. ಆನೆ ಓಡಾಡುವ ಕಡೆ ಇನ್ನೂ ಅಪಾಯ: ಆನೆಗೆ ಬೊಗಳಿದ ನಾಯಿ ಹೆದರಿ ಓಡಿ ಬರುವುದು ಒಡೆಯರ ಕಾಲ ಬುಡಕ್ಕೇ, ಆನೆ ಅದರ ಹಿಂದೆ.

ಕೊನೆಗೆ ಅಮ್ಮೋರೇ ಆ ಮಾತು ಹೇಳಿದರು. ಲೈನಿನ ನಾಯಿ ಬೊಗಳಿದ್ದು, ತಾವು ಏಳದಿದ್ದದ್ದು. ಹೇಳುವಾಗ ಮಗನ ಮುಖ ನೋಡಲಿಲ್ಲ. ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಎದ್ದು ಹೊರಗೆ ಹೋಗಿದ್ರೆ ಏನಾಗ್ತಿತ್ತೋ ಅಮ್ಮ, ಏಳದಿದ್ದಿದ್ದೇ ಒಳ್ಳೇದಾಯ್ತು," ಎಂದ. ಎಷ್ಟೋ ವಾರದ ಕೊರಗಿಗೆ ಆ ಮಾತು ಬೇಕಿತ್ತು. ನಾನು ಹೇಳಿದ್ದರೆ ಅದಕ್ಕೆ ಆ ತೂಕ ಬರುತ್ತಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಹೊಸದಾಗಿ ನಾಯಿ ಸಾಕುವವರಿಗೆ ಕಚ್ಚುವ ನಾಯಿ ಬೇಡ, ಹೇಳುವ ನಾಯಿ ಸಾಕು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಹಗುರ ಮಾಡಿ ಆಡುತ್ತೇವೆ, ನಿಮಗೆ ಬೇಕಾದದ್ದು ಅದೇ. ಲೈನಿನ ಆ ನಾಯಿಗೆ ಸುಮಾರು ಎರಡು ವರ್ಷ, 16 ಕೆಜಿ, ಆಳುಗಳ ಮಕ್ಕಳು ಕಿವಿ ಎಳೆದರೂ ಸುಮ್ಮನಿರುತ್ತದೆ, ರಾತ್ರಿ ಹೊಸ ಹೆಜ್ಜೆ ಕೇಳಿದರೆ ಬಿಡುವುದಿಲ್ಲ. ಈ ಮಳೆ, ಈ ಚಳಿ ಅದಕ್ಕೆ ಹುಟ್ಟಿದಾಗಿನಿಂದ ಗೊತ್ತು. ಅದಕ್ಕೆ ಮನೆ ಮುಂದೆ ಹೊತ್ತು ಹೊತ್ತಿಗೆ ಊಟ ಹಾಕಿ, ನಿಮ್ಮ ಕೈಯಿಂದಲೇ. ಕತ್ತಲಾದ ಮೇಲೆ ಹೊರಗೆ ಕಟ್ಟಬೇಡಿ. ಕಟ್ಟಿದ ನಾಯಿ ಕಿರುಬನಿಗೆ ಬಡಿಸಿಟ್ಟ ಎಲೆ. ಜಗಲಿಗೆ ಕಬ್ಬಿಣದ ಜಾಲರಿ ಹಾಕಿಸಿ ಒಳಗೆ ಮಲಗಿಸಿ, ಬೊಗಳಲು ಹಲ್ಲು ಹೊರಗೆ ಇರಬೇಕಿಲ್ಲ. ಮೊದಲು ಪಶು ಆಸ್ಪತ್ರೆಗೆ ಕರೆದೊಯ್ಯಿರಿ: ರೇಬೀಸ್ ಲಸಿಕೆ ಈಗಲೇ, ಆಮೇಲೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ; ಇಲಿಜ್ವರದ ಲಸಿಕೆ, ಜಂತಿನ ಮಾತ್ರೆ, ಉಣುಗಿಗೆ ಔಷಧಿ. ಮಂಗನ ಕಾಯಿಲೆ ಹರಡುವುದು ಕಾಡಿನ ಉಣುಗಿನಿಂದ, ಕಾಡು ಸುತ್ತಿದ ನಾಯಿ ಅದನ್ನು ಜಗಲಿಗೆ ತರಬಲ್ಲದು. ಕಣದ ಕಾಫಿ ಬೀಜ ಅಗಿಯಲು ಬಿಡಬೇಡಿ, ಕೆಫೀನ್ ನಾಯಿಗೆ ವಿಷ. ಯಾರಿಗಾದರೂ ಹಲ್ಲು ತಾಗಿದರೆ ಲಸಿಕೆ ಆಗಿದೆ ಎಂದು ಸುಮ್ಮನಾಗದೆ, ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕಳಿಸಿ.

ಅದರ ಜೊತೆಗೆ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆವು. ನಾಯಿ ಬೊಗಳಿದರೆ: ಅಂಗಳದ, ಗೋಡೌನಿನ ದೀಪ ಹಾಕುವುದು, ಸ್ವಿಚ್ಚು ಹಾಸಿಗೆ ಪಕ್ಕದಲ್ಲೇ ಇರಬೇಕು. ಕಿಟಕಿಯಿಂದ ನೋಡುವುದು. ಬೊಗಳುವುದು ನಿಲ್ಲದಿದ್ದರೆ ರೈಟರ್‌ಗೆ ಫೋನು, ಜನ ಕಂಡರೆ 112. ಬಾಗಿಲು ತೆಗೆಯುವುದಿಲ್ಲ. ಇಷ್ಟೇ. ಏನು ಮಾಡಬೇಕೆಂದು ಗೊತ್ತಿರುವವರ ಎದೆ ಬೇಗ ತಣಿಯುತ್ತದೆ. ಇದನ್ನು ಹಗಲಲ್ಲೇ ಎರಡು ಸಲ ಮಾಡಿ ನೋಡಿ ಎಂದೆ. ಮಗ ಲೈಟಿನ ಕೆಲಸ, ಜಾಲರಿ, ಗೋಡೌನಿಗೆ ಒಳಬೀಗ ತಾನು ಮಾಡಿಸುತ್ತೇನೆಂದ. ರಾಟ್‌ವೀಲರ್ ಮುಂಗಡ ವಾಪಸು ಬರಲಿಲ್ಲ.

ಎರಡು ತಿಂಗಳ ನಂತರ ಅಮ್ಮೋರು ಬಂದರು. ರಾತ್ರಿ ಈಗಲೂ ಎಚ್ಚರವಾಗುತ್ತದೆ, ಆದರೆ ದೀಪ ಹಾಕಿ ನೋಡಿ ಮಲಗುತ್ತಾರೆ. ಬೊಗಳುವುದರಲ್ಲೂ ಬೇರೆ ಬೇರೆ ಇದೆ ಎನ್ನುವುದನ್ನು ಕಲಿತಿದ್ದರು. ಹಂದಿಗಾದರೆ ಓಡಾಡಿಕೊಂಡು ಬಿಟ್ಟು ಬಿಟ್ಟು, ಜನಕ್ಕಾದರೆ ಒಂದೇ ಕಡೆ ನಿಂತು ಒಂದೇ ಸಮನೆ. ಕಿರುಬನ ವಾಸನೆಗೆ ಬೊಗಳುವುದೇ ಇಲ್ಲ, ಬಾಗಿಲಿಗೆ ಬೆನ್ನು ಒತ್ತಿ ನಡುಗುತ್ತದಂತೆ.

ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯುವುದೆಂದು ಮಾತಾಗಿದೆ. ಆಮೇಲೆ ಹತ್ತು ದಿನ ಹೊಲಿಗೆ ನೆಕ್ಕದಂತೆ, ನೆಗೆಯದಂತೆ ನೋಡಿಕೊಳ್ಳಬೇಕು. ಆ ಕೈಯಲ್ಲಿ ಅದನ್ನು ಎತ್ತಿ ಇಳಿಸುವುದು ಹೇಗೆ ಎಂದು ನಾನು ಕೇಳಿದೆ.

"ಅವನು ರಜೆ ಹಾಕಿ ಬರ್ತಾನಂತೆ," ಎಂದರು. "ಹತ್ತು ದಿನಾನೂ ಇರ್ತಾನಂತೆ."