ಕರೆಂಟು ಹೋದ ರಾತ್ರಿ ಅಮ್ಮನ ಫೋನು

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮೂರಲ್ಲಿ ಅಮ್ಮ ಒಬ್ಬರೇ ಇದ್ದಾರೆ. ವಯಸ್ಸು 74. ಮೊಬೈಲ್ ಸಿಗ್ನಲ್ ಅಂಗಳದ ಮೂಲೆಯಲ್ಲಿ ಮಾತ್ರ ಸಿಗುತ್ತದೆ. ಹೋದ ವರ್ಷ ಹಳೆ ಲೈನ್ ತೆಗೆಸಿ ಫೈಬರ್ ಫೋನ್ ಹಾಕಿಸಿದೆವು. ಮಾತು ಚೆನ್ನಾಗಿ ಕೇಳುತ್ತೆ. ಆದರೆ ಕರೆಂಟು ಹೋದರೆ ಫೋನೂ ಹೋಗುತ್ತದೆ. ಮೊದಲು ಹೀಗಿರಲಿಲ್ಲ. ಸಿಡಿಲು ಬಂದಾಗ ಪ್ಲಗ್ ಕಿತ್ತಿಡಬೇಕಾ? ಕಿತ್ತರೆ ಅಮ್ಮ ಫೋನ್ ಮಾಡುವುದು ಹೇಗೆ? – ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ ತಂಗಿ. ಮಲೆನಾಡಿನ ಕಂಬಗಳ ಮೇಲೆ 31 ವರ್ಷ ಲೈನ್ ಕೆಲಸ ಮಾಡಿದವನು ನಾನು. ಈ ವಿಷಯವನ್ನು ಕನೆಕ್ಷನ್ ಕೊಡುವ ದಿನವೇ ಯಾರಾದರೂ ನಿಮಗೆ ಹೇಳಬೇಕಿತ್ತು.

ಹಳೆ ಫೋನಿಗೆ ಕರೆಂಟು ನಿಮ್ಮ ಮನೆಯದಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಲ್ಲಿ 2 ವೋಲ್ಟಿನ 24 ಸೆಲ್‌ಗಳು ಸಾಲಾಗಿ ಇರುತ್ತಿದ್ದವು. ಅವುಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕೋದೇ ನನ್ನ ಮೊದಲ ಕೆಲಸ. ಆ 48 ವೋಲ್ಟು ತಾಮ್ರದ ತಂತಿಯಲ್ಲೇ ಮನೆತನಕ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ರಿಸೀವರ್ ಎತ್ತಿದರೆ ಗುಂಯ್ ಅನ್ನುತ್ತಿತ್ತು, ಅಲ್ವಾ? ಫೈಬರ್ ಅಂದರೆ ಗಾಜಿನ ಎಳೆ. ಅದರಲ್ಲಿ ಬೆಳಕು ಬರುತ್ತದೆ, ಕರೆಂಟು ಬರುವುದಿಲ್ಲ. ಫೈಬರ್ ಬಂದು ಸೇರುವ ಗೋಡೆಯ ಮೇಲಿನ ಡಬ್ಬಿ ಮನೆಯ ಕರೆಂಟಿನಲ್ಲೇ ನಡೆಯಬೇಕು.

ಅದಕ್ಕೆ ರೌಟರ್‌ಗೆಂದೇ ಬರುವ ಮಿನಿ ಯುಪಿಎಸ್, ಅಂದರೆ ಕರೆಂಟು ಹೋದಾಗ ನಡೆಸುವ ಸಣ್ಣ ಬ್ಯಾಟರಿ, ತನ್ನಿ. ತರುವ ಮೊದಲು ಡಬ್ಬಿಯ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟು, ಆಂಪಿಯರ್ ನೋಡಿಕೊಳ್ಳಿ. ಸಾಮಾನ್ಯವಾಗಿ 12 ವೋಲ್ಟು ಇರುತ್ತದೆ. ವೋಲ್ಟು ಅಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆಯಿಲ್ಲ. ಪಿನ್ ಕೂತಿತು ಅಂತ ಸುಮ್ನೆ ಯಾವುದನ್ನೋ ಚುಚ್ಚಬೇಡಿ. ನಮ್ಮ ನೆಂಟರ ಮನೆಯಲ್ಲಿ ಹಳೆ ಲ್ಯಾಪ್‌ಟಾಪಿನ 19 ವೋಲ್ಟಿನ ಚಾರ್ಜರ್ ಚುಚ್ಚಿದ್ದರು. ನಾನು ಹೋಗುವಷ್ಟರಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಜಗಲಿತನಕ ಬಂದಿತ್ತು.

ನಿಮ್ಮ ಸಿಡಿಲಿನ ಚಿಂತೆಗೂ ಇದೇ ದಾರಿ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ಕರೆಂಟಿನ ವೈರಿನಲ್ಲಿ ಬರುತ್ತದೆ. ದೂರದಲ್ಲಿ ಗುಡುಗು ಕೇಳಿದಾಗಲೇ ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕೀಳಲು ಅಮ್ಮನಿಗೆ ಹೇಳಿ. ಡಬ್ಬಿ ಬ್ಯಾಟರಿಯಲ್ಲಿ ನಡೆಯುತ್ತದೆ, ಫೋನೂ ಇರುತ್ತದೆ. ಸಿಡಿಲು ತಲೆಯ ಮೇಲೇ ಬಂದ ಮೇಲೆ ಪ್ಲಗ್ ಮುಟ್ಟುವುದು ಬೇಡ. ಕಂಬದಿಂದ ಬರುವ ಫೈಬರ್ ಕೇಬಲ್ ಜೊತೆ ಆಧಾರಕ್ಕೆ ಸಣ್ಣ ಕಬ್ಬಿಣದ ತಂತಿ ಇದ್ದರೆ, ಅದು ಗೋಡೆಯ ಹೊರಗೇ ನಿಂತಿದೆಯಾ ನೋಡಿ. ಒಳಗೆ ಬರಬಾರದು.

ಕಾರ್ಡ್‌ಲೆಸ್ ಸೆಟ್ ಇಟ್ಟಿದ್ದರೆ ಅದರ ಸ್ಟ್ಯಾಂಡಿಗೂ ಕರೆಂಟು ಬೇಕು. ಸುರುಳಿ ವೈರಿನ ಹಳೆ ಸೆಟ್ ಅಟ್ಟದಲ್ಲಿದ್ದರೆ ಇಳಿಸಿ, ಅದನ್ನೇ ಡಬ್ಬಿಗೆ ಹಾಕಿ. ಆದರೆ ಗೋಡೆಯಲ್ಲಿರುವ ಹಳೆ ಟೆಲಿಫೋನ್ ಸಾಕೆಟ್ಟಿಗೆ ಡಬ್ಬಿಯ ಫೋನ್ ವೈರ್ ಚುಚ್ಚಬೇಡಿ. ಹೊರಗಿನ ತಾಮ್ರದ ತಂತಿ ಇನ್ನೂ ಕಡಿದಿಲ್ಲದಿದ್ದರೆ ಆ ಕಡೆಯ ವೋಲ್ಟೇಜು ಈ ಕಡೆಯದಕ್ಕೆ ತಾಗಿ ಡಬ್ಬಿ ಹಾಳಾಗಬಹುದು. ಸಿಡಿಲಿಗೂ ಅದೇ ದಾರಿಯಾಗುತ್ತದೆ.

ಫೈಬರ್ ಕೊಟ್ಟವರನ್ನು ಇನ್ನೊಂದು ಮಾತು ಕೇಳಿ: ಅವರ ಕಡೆಯ ಮೆಷಿನ್ನಿಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಅವರದ್ದು ಆರಿದರೆ ನಿಮ್ಮ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ಅಂಗಳದ ಮೂಲೆಯ ಮೊಬೈಲನ್ನೂ ಚಾರ್ಜ್ ಮಾಡಿ ಇಟ್ಟಿರಲಿ.

ತುರ್ತು ನಂಬರ್ 112ಕ್ಕೆ ಫೋನ್ ಮಾಡಿದಾಗ ಗಾಬರಿಯಲ್ಲಿ ವಿಳಾಸ ಮರೆಯುತ್ತದೆ. ಊರು, ಮನೆಯ ಗುರುತು, ಯಾವ ತಿರುವು, ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿ.

ಮುಂದಿನ ಸಲ ಊರಿಗೆ ಹೋದಾಗ ಒಂದು ಮಧ್ಯಾಹ್ನ ಮೇನ್ ಸ್ವಿಚ್ ಆಫ್ ಮಾಡಿ. ಅಂಗಳದ ಮೂಲೆಗೆ ಹೋಗಿ ಮೊಬೈಲ್ ಹಿಡಿದು ನಿಲ್ಲಿ. ಅಮ್ಮನ ಕೈಯಲ್ಲೇ ನಿಮ್ಮ ನಂಬರ್ ಒತ್ತಿಸಿ. ಬ್ಯಾಟರಿ ಎಷ್ಟು ಹೊತ್ತು ಬಂತು ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಮಳೆಗಾಲಕ್ಕೆ ಮೊದಲು ಮತ್ತೆ ನೋಡಿ. ಅರ್ಧಕ್ಕೆ ಇಳಿದಿದ್ದರೆ, ಅಥವಾ ಯುಪಿಎಸ್ ಉಬ್ಬಿದ್ದರೆ, ಬೇರೆ ತನ್ನಿ.

ಪ್ರಶ್ನೆ: ಡಬ್ಬಿಯಲ್ಲಿ ಕೆಂಪು ದೀಪ ಮಿನುಗುತ್ತಿದೆ. ಫೈಬರ್ ಪಿನ್ ತೆಗೆದು ಊದಿ ಹಾಕಬಹುದಾ? – ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಬೇಡ. ಆ ತುದಿಯಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್ ಬೆಳಕು. ಅದನ್ನು ಕಣ್ಣಿನ ಹತ್ತಿರ ತರಲೇಬಾರದು, ಮಕ್ಕಳ ಕೈಗಂತೂ ಕೊಡಬಾರದು. ಊದಿದರೆ ಬಾಯಿಯ ತೇವ ಕೂತು ಸಿಗ್ನಲ್ ಇನ್ನೂ ಕೆಡುತ್ತದೆ. ಕೇಬಲ್ ಬೀರುವಿನ ಹಿಂದೆ ಮಡಚಿಕೊಂಡಿದೆಯಾ, ಇಲಿ ಕಡಿದಿದೆಯಾ ನೋಡಿ. ಉಳಿದ ಕೇಬಲ್ಲನ್ನು ಚೊಂಬಿನ ಬಾಯಿಗಿಂತ ಸಣ್ಣದಾಗಿ ಸುತ್ತಬೇಡಿ. ಆಮೇಲೂ ಕೆಂಪು ದೀಪ ಹೋಗದಿದ್ದರೆ ಕನೆಕ್ಷನ್ ಕೊಟ್ಟವರನ್ನೇ ಕರೆಯಿರಿ.